ಉಡುಪಿಯಲ್ಲಿ ಕಾದ 71 ದಿನ

ಮಗಳು ನಮ್ಮ ಕೈಗೆ ಬಂದ ದಿನ ನನಗೆ ಗೊತ್ತಿದ್ದದ್ದು ಹನ್ನೊಂದು ಒಡಿಯಾ ಶಬ್ದ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಪಾಣಿ ಅಂದರೆ ನೀರು. ಭಾತ ಅಂದರೆ ಅನ್ನ. ಭೋಕ ಅಂದರೆ ಹಸಿವು. ಡರ ಅಂದರೆ ಹೆದರಿಕೆ. ಘರ ಅಂದರೆ ಮನೆ. ಅವಳಿಗೆ ಆಗ ನಾಲ್ಕು ವರ್ಷ ಒಂಬತ್ತು ತಿಂಗಳು. ಕನ್ನಡ ಸೊನ್ನೆ, ತುಳು ಸೊನ್ನೆ. ಇಂಗ್ಲಿಷಿನಲ್ಲಿ 'ಗುಡ್ ಮಾರ್ನಿಂಗ್ ಸರ್' ಬರುತ್ತಿತ್ತು. ಅದನ್ನು ನನಗೂ ಹೇಳಿದಳು, ಕಾರಿನ ಡ್ರೈವರಿಗೂ ಹೇಳಿದಳು, ದಾರಿಯಲ್ಲಿ ಅಡ್ಡ ಬಂದ ದನಕ್ಕೂ ಹೇಳಿದಳು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಇವರು ಮಂಗಳೂರು ಉರ್ವದವರು, ನಾನು ಉಡುಪಿ ಅಂಬಲಪಾಡಿಯವಳು. ಇಬ್ಬರದ್ದೂ ಈಗ ಅಮೇರಿಕದ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ನಮ್ಮದು ಅಂತರದೇಶೀಯ ದತ್ತು. ಹುಟ್ಟಿದ ದೇಶದಿಂದ ಮಗು ತರಲು ನಾವೇ ಪರದೇಶದವರು. ಅಮ್ಮನಿಗೆ ಇದು ತಲೆಗೆ ಹೋಗಲೇ ಇಲ್ಲ. "ನಿನ್ನನ್ನು ಹೆತ್ತದ್ದು ಇಲ್ಲೇ ಅಲ್ವಾ ಮಾರಾಯ್ತಿ, ಮತ್ತೆಂತ ಪರ್ಮಿಶನ್?" ಅಂತ ಕೇಳಿದ್ದರು.

ಪರ್ಮಿಶನ್ ಒಂದಲ್ಲ. ಎರಡು ದೇಶಗಳದ್ದು, ಅದೂ ಒಂದರ ಬೆನ್ನಿಗೆ ಒಂದು. ಇದಕ್ಕೆಲ್ಲ ಮೂಲ 1993ರ ಹೇಗ್ ಒಪ್ಪಂದ. ಮಕ್ಕಳ ಸಾಗಾಟ ತಪ್ಪಿಸಬೇಕು, ದೇಶದಿಂದ ದೇಶಕ್ಕೆ ದತ್ತು ಹೋಗುವ ಮಗುವಿನ ಜವಾಬ್ದಾರಿ ಎರಡೂ ಸರ್ಕಾರಗಳ ಮೇಲಿರಬೇಕು ಅಂತ ಮಾಡಿಕೊಂಡದ್ದು. ಭಾರತದಲ್ಲಿ ಅದು 2003ರಲ್ಲಿ ಜಾರಿಗೆ ಬಂತು, ಅಮೇರಿಕದಲ್ಲಿ 2008ರಲ್ಲಿ. ಭಾರತದ ಕಡೆಯಿಂದ ನೋಡಿಕೊಳ್ಳುವುದು ದೆಹಲಿಯ ಕೇಂದ್ರೀಯ ದತ್ತು ಪ್ರಾಧಿಕಾರ, ಎಲ್ಲರೂ 'ಕಾರಾ' ಅನ್ನುತ್ತಾರೆ. ನಾವು ನೇರವಾಗಿ ಕಾರಾಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಕಾರಾ ಒಪ್ಪಿಗೆ ಕೊಟ್ಟ ಅಮೇರಿಕದ ಏಜೆನ್ಸಿಯ ಮೂಲಕವೇ ಹೋಗಬೇಕು. ಮಗು ಇರುವುದು ಭಾರತದ ಇನ್ನೊಂದು ಏಜೆನ್ಸಿಯಲ್ಲಿ. ನಡುವೆ ನಮ್ಮ ಫೈಲು ಓಡಾಡುತ್ತದೆ.

ಶುರು ಮಾಡಿದ್ದು 2021ರ ಮಧ್ಯದಲ್ಲಿ. ಮೊದಲು ಹೋಮ್ ಸ್ಟಡಿ. ಸೋಶಿಯಲ್ ವರ್ಕರ್ ಒಬ್ಬರು ಮನೆಗೆ ಬಂದು ಮೂಲೆ ಮೂಲೆ ನೋಡಿದರು. ಹೊಗೆ ಅಲಾರ್ಮ್ ಒತ್ತಿ ನೋಡಿದರು, ಬಿಸಿನೀರು ಎಷ್ಟು ಬಿಸಿ ಅಂತ ನೋಡಿದರು, ಮಾತ್ರೆ ಡಬ್ಬಿಗೆ ಬೀಗ ಉಂಟಾ ಅಂತ ನೋಡಿದರು. ಅದೆಲ್ಲ ಸುಲಭ. ಕಷ್ಟದ್ದು ಪ್ರಶ್ನೆಗಳು. ಮಕ್ಕಳಾಗದ್ದಕ್ಕೆ ಅತ್ತು ಮುಗಿಯಿತಾ? ಗಂಡ ಹೆಂಡತಿ ಜಗಳವಾದರೆ ಮೊದಲು ಮಾತಾಡುವುದು ಯಾರು? ನಿಮ್ಮ ಅಪ್ಪ ನಿಮಗೆ ಹೊಡೆಯುತ್ತಿದ್ದರಾ? ಇವರು ಸತ್ಯ ಹೇಳಿಬಿಟ್ಟರು. ಬೆತ್ತ ಇತ್ತು, ಮಾಡಿನ ಪಕ್ಕಾಸಿಗೆ ಸಿಕ್ಕಿಸಿ ಇಡುತ್ತಿದ್ದರು, ಸ್ಕೂಲಿನಲ್ಲೂ ಇತ್ತು ಅಂತ. ಆ ಹೆಂಗಸು ಎರಡು ಪುಟ ಬರೆದುಕೊಂಡರು. ಉರ್ವದಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿದ ಎಲ್ಲ ಗಂಡುಮಕ್ಕಳ ಕಥೆಯೂ ಅದೇ ಅಂತ ಅವರಿಗೆ ಅರ್ಥ ಮಾಡಿಸಲು ಇನ್ನೊಂದು ಭೇಟಿ ಬೇಕಾಯಿತು.

ದಾಖಲೆಗಳ ಕಥೆ ಹೇಳಿದರೆ ನಗುತ್ತೀರಿ. ನನ್ನ ಹಳೆಯ ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ 'ಉಡಿಪಿ' ಅಂತ ಉಂಟು, ಪಾಸ್‌ಪೋರ್ಟಿನಲ್ಲಿ 'ಉಡುಪಿ'. ಏಜೆನ್ಸಿಯ ಹುಡುಗಿ ಫೋನ್ ಮಾಡಿ, ಇವು ಎರಡು ಬೇರೆ ಊರಾ ಅಂತ ಕೇಳಿದಳು. ಅಲ್ಲ, ಒಂದೇ ಊರು, ಸ್ಪೆಲ್ಲಿಂಗ್ ಬದಲಾಗಿದೆ ಅಂದೆ. ಸರಿ, ಹಾಗಾದರೆ ಜನನ ಪ್ರಮಾಣಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂತ ಯಾಕಿದೆ, ಬೇರೆ ಕಡೆ ಉಡುಪಿ ಜಿಲ್ಲೆ ಅಂತ ಯಾಕಿದೆ ಅಂದಳು. ನಾನು ಹುಟ್ಟುವಾಗ ಉಡುಪಿ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ! ಇದನ್ನೆಲ್ಲ ಅಫಿಡವಿಟ್ ಮಾಡಿ, ನೋಟರಿ ಮಾಡಿಸಿ, ಹೊರದೇಶದಲ್ಲೂ ನಡೆಯುವ ಹಾಗೆ ಅಪೊಸ್ಟಿಲ್ ಮುದ್ರೆ ಹಾಕಿಸಿ ಕಳಿಸಿದೆವು. ಇವರ ಹೆಸರಿನ ಇನಿಶಿಯಲ್ ಬಿಡಿಸಿ ಹೇಳಲು ಇನ್ನೊಂದು ಅಫಿಡವಿಟ್. ನೀವು ಈ ದಾರಿ ಹಿಡಿಯುವವರಾದರೆ ಮೊದಲ ವಾರವೇ ಎಲ್ಲ ಕಾಗದ ನೆಲದ ಮೇಲೆ ಹರಡಿ, ಹೆಸರಿನ ಒಂದೊಂದು ಅಕ್ಷರ ಹೋಲಿಸಿ ನೋಡಿ. ನಾವು ಅದನ್ನು ಮಾಡದೆ ಮೂರು ತಿಂಗಳು ಕಳೆದುಕೊಂಡೆವು.

ಇದರ ಜೊತೆಗೆ ಬೆರಳಚ್ಚು, ಹದಿನೆಂಟು ತುಂಬಿದ ಮೇಲೆ ನಾವಿದ್ದ ಊರುಗಳ ದಾಖಲೆ, ಕನಿಷ್ಠ ಹತ್ತು ಗಂಟೆಯ ತರಬೇತಿ. ಅಮೇರಿಕದ ವಲಸೆ ಇಲಾಖೆಗೆ ಐ-800ಎ ಅನ್ನುವ ಫಾರಂ. ನಾವಿಬ್ಬರೂ ಮಗು ಸಾಕಲು ಯೋಗ್ಯರು ಅಂತ ಆ ಇಲಾಖೆ ಒಪ್ಪಿದ ಮೇಲೇ ಮುಂದಿನದ್ದು. ಆ ಒಪ್ಪಿಗೆಯ ಆಯಸ್ಸು 15 ತಿಂಗಳು. ಅಷ್ಟರೊಳಗೆ ಮಗು ಗೊತ್ತಾಗದಿದ್ದರೆ ವಾಯಿದೆ ಮುಂದೂಡಿಸಬೇಕು.

2022ರ ಜನವರಿಯಲ್ಲಿ ಕಾರಾದ ಪೋರ್ಟಲಿನಲ್ಲಿ ನಮ್ಮ ಹೆಸರು ಏರಿತು. ಆವತ್ತಿಗೆ ಇವರಿಗೆ 47, ನನಗೆ 44. ಒಟ್ಟು 91. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಅಲ್ಲಿ ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುತ್ತಾರೆ. ಆಗಿನ ನಿಯಮದಲ್ಲಿ ನಾಲ್ಕು ವರ್ಷದೊಳಗಿನ ಮಗು ಬೇಕಾದರೆ ಮೊತ್ತ 90 ದಾಟಬಾರದಿತ್ತು. ನಾಲ್ಕರಿಂದ ಎಂಟು ವರ್ಷದ ಮಗುವಿಗೆ 100ರ ತನಕ ಆಗುತ್ತದೆ. ಒಂದೇ ಒಂದು ವರ್ಷದ ಲೆಕ್ಕದಲ್ಲಿ ನಾವು ಪುಟ್ಟ ಮಗುವಿನ ಸಾಲಿನಿಂದ ಆಚೆ ಬಿದ್ದೆವು. ಆ ರಾತ್ರಿ ನಾನು ಅತ್ತದ್ದು ಹೌದು. ತೊಟ್ಟಿಲು, ಲಾಲಿ ಅಂತ ಏನೇನೋ ತಲೆಯಲ್ಲಿ ತುಂಬಿಕೊಂಡಿದ್ದೆ.

ಈ ನಡುವೆ ಊರಿನಿಂದ ಒಂದು ಫೋನ್. ಪರಿಚಯದವರೊಬ್ಬರು, "ಇಷ್ಟೆಲ್ಲ ಯಾಕೆ, ಒಂದು ಕಡೆ ಹೆರಿಗೆಗೆ ಬಂದವರಿದ್ದಾರೆ, ಮಗು ಬೇಡವಂತೆ, ಸುಮ್ನೆ ಬಂದು ತೆಗೆದುಕೊಂಡು ಹೋಗಿ" ಅಂದರು. ಫೋನ್ ಇಟ್ಟುಬಿಟ್ಟೆವು. ಹಾಗೆ ತರುವುದು ದತ್ತು ಅಲ್ಲ, ಅಪರಾಧ. ಬಾಲನ್ಯಾಯ ಕಾಯಿದೆಯಲ್ಲಿ ನಿಯಮ ಮೀರಿದ ದತ್ತಿಗೆ ಮೂರು ವರ್ಷದ ತನಕ, ಮಗುವಿನ ಮಾರಾಟ, ಖರೀದಿಗೆ ಐದು ವರ್ಷದ ತನಕ ಜೈಲು ಉಂಟು. ನಮ್ಮ ದಾರಿಯಲ್ಲಿ ಖರ್ಚಿಲ್ಲ ಅಂತಲ್ಲ. ಭಾರತದ ಏಜೆನ್ಸಿಗೆ ಕೊಡುವ ಮಕ್ಕಳ ಪಾಲನಾ ನಿಧಿಯೇ 5,000 ಡಾಲರ್. ಅಮೇರಿಕದ ಏಜೆನ್ಸಿಯ ಬಿಲ್ಲು ಅದಕ್ಕಿಂತ ಜಾಸ್ತಿ. ಆದರೆ ಪ್ರತಿಯೊಂದಕ್ಕೂ ರಶೀದಿ ಇದೆ, ಯಾರೂ ಕೈಯಲ್ಲಿ ದುಡ್ಡು ಕೇಳಲಿಲ್ಲ.

ಮಗುವಿನ ವಿವರ ಬಂದದ್ದು 2023ರ ಫೆಬ್ರವರಿಯಲ್ಲಿ. ಹದಿನೈದು ತಿಂಗಳ ಆ ಒಪ್ಪಿಗೆ ಮುಗಿಯಲು ಇನ್ನೂ ಐದು ವಾರ ಇತ್ತು. ಒಂದು ಫೋಟೋ, ಎರಡು ವರದಿ. ನಮ್ಮ ಹೆಸರಿಗೆ ಕಾದಿರಿಸಲು 96 ಗಂಟೆ, ವರದಿಗಳಿಗೆ ಸಹಿ ಹಾಕಿ ಒಪ್ಪಲು ಒಂದು ತಿಂಗಳು. ವೈದ್ಯಕೀಯ ವರದಿಯನ್ನು ಮಣಿಪಾಲದಲ್ಲಿ ಓದಿದ ಮಕ್ಕಳ ಡಾಕ್ಟರ್ ಗೆಳತಿಗೆ ತೋರಿಸಿದೆ. ತೂಕ ಕಡಿಮೆ, ರಕ್ತ ಕಡಿಮೆ, ಉಳಿದದ್ದೆಲ್ಲ ಸರಿ ಅಂದಳು. ಅಧ್ಯಯನ ವರದಿಯ ಕೊನೆಗೆ 'ಅಭ್ಯಾಸಗಳು' ಅಂತ ಒಂದು ಕಾಲಂ. ಅದರಲ್ಲಿ ಬರೆದದ್ದು ಇಷ್ಟೇ: ತಲೆ ಬಾಚಿಸಿಕೊಳ್ಳುವುದು ಇಷ್ಟ. ನಾನು ಹೌದು ಅಂದದ್ದು ಡಾಕ್ಟರ್ ಮಾತಿಗೋ ಈ ಸಾಲಿಗೋ, ಈಗಲೂ ಗೊತ್ತಿಲ್ಲ.

ಅವಳು ಆ ಸಂಸ್ಥೆಗೆ ಹೇಗೆ ಬಂದಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಕಥೆ.

ಆಮೇಲಿನ ಐದು ತಿಂಗಳು ಕಾಗದಗಳದ್ದೇ. ಈ ಮಗುವಿಗೆ ಅಂತ ಐ-800 ಅನ್ನುವ ಇನ್ನೊಂದು ಫಾರಂ, ಮಗು ಅಮೇರಿಕಕ್ಕೆ ಬರಬಹುದು ಅಂತ ದೆಹಲಿಯ ಅಮೇರಿಕ ರಾಯಭಾರ ಕಚೇರಿಯಿಂದ ಹೇಗ್ ಒಪ್ಪಂದದ ಐದನೇ ವಿಧಿಯ ಪತ್ರ, ಅದನ್ನು ನೋಡಿ ಕಾರಾದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಎನ್‌ಒಸಿ ಸಿಕ್ಕಿದ ಕೂಡಲೇ ಮಗು ನಮ್ಮದಾಗುವುದಿಲ್ಲ. ಜಿಲ್ಲಾಧಿಕಾರಿಯ ಆದೇಶ ಆಗಬೇಕು. ಮೊದಲು ಇದು ಕೋರ್ಟಿನಲ್ಲಿ ಆಗುತ್ತಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗೆ ಕೊಟ್ಟಿದ್ದಾರೆ. ಆದೇಶ ಬರುವ ತನಕ ಬೇಕಾದರೆ ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ನಮ್ಮ ಜೊತೆ ಇಟ್ಟುಕೊಳ್ಳಬಹುದು, ದತ್ತುಪೂರ್ವ ಪೋಷಣೆ ಅಂತ. ಆದರೆ ಭಾರತದ ಒಳಗೆ ಮಾತ್ರ.

ಏಜೆನ್ಸಿಯವರು ಎರಡು ದಾರಿ ಹೇಳಿದರು. ಆದೇಶ, ಪಾಸ್‌ಪೋರ್ಟ್ ಎಲ್ಲ ಆದ ಮೇಲೆ ಬಂದು ಹತ್ತು ದಿನದಲ್ಲಿ ಮಗುವನ್ನು ಹಾರಿಸಿಕೊಂಡು ಹೋಗುವುದು ಒಂದು. ಈಗಲೇ ಬಂದು ಕಾಯುವುದು ಇನ್ನೊಂದು. ನನಗೆ ಆಫೀಸಿನಲ್ಲಿ ಸಂಬಳವಿಲ್ಲದ ಹನ್ನೆರಡು ವಾರ ರಜೆ ಸಿಗುತ್ತಿತ್ತು. ಮೊದಲನೆಯದೇ ಜಾಣತನ ಅಂತ ಎಲ್ಲರೂ ಹೇಳಿದರು. ನಾವು ಎರಡನೆಯದನ್ನು ಹಿಡಿದೆವು. ಅದಕ್ಕೆ ದೊಡ್ಡ ಯೋಚನೆ ಏನೂ ಕಾರಣವಲ್ಲ. ಇನ್ನು ಕಾಯಲು ನನಗೆ ಆಗುತ್ತಿರಲಿಲ್ಲ, ಅಷ್ಟೇ.

ಭುವನೇಶ್ವರದಿಂದ ಮೂರು ಗಂಟೆ ದಾರಿಯ ಪಟ್ಟಣ. ಜುಲೈ ತಿಂಗಳು, ಜಡಿಮಳೆ. ಸಂಸ್ಥೆಯ ಮಾವುಸಿ ಅವಳಿಗೆ ಎರಡು ಜಡೆ ಹಾಕಿ, ಹಳದಿ ಫ್ರಾಕು ತೊಡಿಸಿ ಕೂರಿಸಿದ್ದರು. ಒಡಿಯಾದಲ್ಲಿ ಮಾವುಸಿ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನೆಲ್ಲ ಹಾಗೇ ಕರೆಯುತ್ತಾರೆ. ನಾವು ಒಯ್ದ ಗೊಂಬೆಯನ್ನು ಅವಳು ಮುಟ್ಟಲಿಲ್ಲ. ಅವಳ ಕೈಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಾಚಣಿಗೆ, ಒಂದು ಬದಿಯ ನಾಲ್ಕೈದು ಹಲ್ಲು ಮುರಿದದ್ದು. ಅದನ್ನು ಹಿಡಿದುಕೊಂಡೇ ಕಾರು ಹತ್ತಿದಳು, ಹಿಡಿದುಕೊಂಡೇ ವಿಮಾನದಲ್ಲಿ ನಿದ್ದೆ ಮಾಡಿದಳು. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಬಜ್ಪೆಯಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಮೂಲ್ಕಿ ಹತ್ತಿರ ಅವಳು ನನ್ನ ಸೀರೆಯ ಮೇಲೆ ವಾಂತಿ ಮಾಡಿದಳು. ಮಾಡಿ, ಏಟು ಬೀಳುತ್ತದೆ ಅಂತ ಕೈ ಅಡ್ಡ ಹಿಡಿದಳು. ನನ್ನ ಚೀಟಿಯ ಹನ್ನೊಂದು ಶಬ್ದಗಳಲ್ಲಿ ಆ ಹೊತ್ತಿಗೆ ಬೇಕಾದದ್ದು ಒಂದೂ ಇರಲಿಲ್ಲ.

ಮನೆ ಮುಟ್ಟಿದಾಗ ರಾತ್ರಿ ಎಂಟೂವರೆ. ಅಮ್ಮ ಬಾಗಿಲಿನಲ್ಲಿ ಆರತಿ ಹಿಡಿದು ನಿಂತಿದ್ದರು. ಬೆಂಕಿ ಕಂಡು ಅವಳು ಇವರ ಕಾಲಿನ ಹಿಂದೆ ಅಡಗಿದಳು. ಅಮ್ಮ ಆರತಿಯನ್ನು ಕೆಳಗಿಟ್ಟು, "ನಾಳೆ ಮಾಡುವ, ಮೊದಲು ಊಟ" ಅಂದರು.

ಊಟಕ್ಕೆ ಅಮ್ಮ ತಲೆಕೆಡಿಸಿಕೊಂಡು ನೀರುದೋಸೆ ಮಾಡಿದ್ದರು, ಇಡ್ಲಿ ಇಟ್ಟಿದ್ದರು. ಅವಳು ಯಾವುದನ್ನೂ ಮುಟ್ಟಲಿಲ್ಲ. ಅಪ್ಪನ ಬಟ್ಟಲಿನಲ್ಲಿದ್ದ ಕುಚಲಕ್ಕಿ ಅನ್ನವನ್ನು ನೋಡುತ್ತಾ ಕೂತಳು. ಅಮ್ಮ ಸ್ವಲ್ಪ ಬಡಿಸಿದರು. ಅವಳು ಲೋಟದ ನೀರನ್ನು ಎತ್ತಿ ಅನ್ನದ ಮೇಲೆ ಸುರಿದಳು. ಅಯ್ಯೋ ಅಂತ ನಾನು ಕೈ ಚಾಚಿದೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಅವಳು ಚಿಟಿಕೆ ಉಪ್ಪು ಹಾಕಿ, ಐದೂ ಬೆರಳಿನಿಂದ ಕಿವುಚಿ, ಸೊರ ಸೊರ ಅಂತ ಉಂಡಳು. "ಇವಳು ನಮ್ಮವಳೇ, ತಂಗಳನ್ನದ ಗಿರಾಕಿ" ಅಂದರು ಅಮ್ಮ. ಒಡಿಶಾದಲ್ಲಿ ಅದಕ್ಕೆ ಪಖಾಳ ಅನ್ನುತ್ತಾರೆ. ಅಲ್ಲೂ ಕುದಿಸಿದ ಅಕ್ಕಿಯೇ ಹೆಚ್ಚು. ಇದನ್ನು ನಾನು ಮೊದಲೇ ಓದಿದ್ದೆ. ಆದರೆ ಓದಿದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ, ಅಮ್ಮನಿಗೆ ಓದದೆಯೇ ಗೊತ್ತಾಯಿತು. ಮರುದಿನದಿಂದ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ. ಎರಡು ವಾರದಲ್ಲಿ ಒಂದು ಕಿಲೋ ತೂಕ ಏರಿತು.

ತರಬೇತಿಯ ಹತ್ತು ಗಂಟೆಯಲ್ಲಿ ಒಂದಿಡೀ ಗಂಟೆ, ಸಂಸ್ಥೆಗಳಲ್ಲಿ ಬೆಳೆದ ಮಕ್ಕಳು ಊಟ ಅಡಗಿಸಿಡುತ್ತಾರೆ ಅನ್ನುವುದರ ಬಗ್ಗೆ ಇತ್ತು. ಬೈಯಬಾರದು, ಕಸಿಯಬಾರದು, ಯಾವಾಗಲೂ ಕೈಗೆ ಸಿಗುವ ಹಾಗೆ ಏನಾದರೂ ಇಡಬೇಕು. ನೋಟ್ಸ್ ಬರೆದುಕೊಂಡಿದ್ದೆ. ನಾಲ್ಕನೇ ದಿನ ದಿಂಬಿನ ಕೆಳಗೆ ಒಣಗಿದ ಚಪಾತಿ ತುಂಡು, ಅದಕ್ಕೆ ಇರುವೆ ಸಾಲು. ನಾನು ಲ್ಯಾಪ್‌ಟಾಪ್ ತೆಗೆದು ನೋಟ್ಸ್ ಹುಡುಕುತ್ತಾ ಇದ್ದೆ. ಅಷ್ಟರಲ್ಲಿ ಅಮ್ಮ ಒಂದು ಸ್ಟೀಲ್ ಡಬ್ಬಿಗೆ ಚಕ್ಕುಲಿ, ಬೆಲ್ಲದ ತುಂಡು ಹಾಕಿ ಅವಳ ಹಾಸಿಗೆ ಪಕ್ಕ ಇಟ್ಟಾಗಿತ್ತು. "ಇದು ನಿಂದು, ಮುಚ್ಚಿ ಇಡು, ಇಲ್ಲದಿದ್ದರೆ ಇರುವೆ ಬರ್ತದೆ" ಅಂತ ಕನ್ನಡದಲ್ಲೇ ಹೇಳಿದರು. ಅವಳಿಗೆ ಅದು ಅರ್ಥವಾಗಿತ್ತು ಅಂತ ಕಾಣುತ್ತದೆ. ಡಬ್ಬಿ ಮುಚ್ಚಿಯೇ ಇರುತ್ತಿತ್ತು. ರಾತ್ರಿ ಒಂದೆರಡು ಸಲ ಮುಚ್ಚಳ ತೆಗೆದು ನೋಡುವ ಸದ್ದು ಕೇಳುತ್ತಿತ್ತು. ತಿನ್ನುವುದಲ್ಲ, ಇದೆಯಾ ಅಂತ ನೋಡುವುದು.

ನೆಂಟರು ಬಂದರು. ಬರದೆ ಇರುತ್ತಾರಾ! ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಬಂದರು. ಒಬ್ಬ ದೊಡ್ಡಮ್ಮ ಮಾತ್ರ ಕಾಫಿ ಲೋಟ ಕೈಯಲ್ಲಿ ಹಿಡಿದು, "ಅಲ್ಲಾ, ಯಾರ ಮಗುವೋ, ಎಂತ ಜಾತಿಯೋ, ಜಾತಕ ಗೀತಕ ಉಂಟಾ?" ಅಂತ ಶುರು ಮಾಡಿದರು. ಅಮ್ಮ ತಣ್ಣಗೆ, "ನಿಮ್ಮ ಸೊಸೆಯದ್ದು ಮೂರು ಕಡೆ ಜಾತಕ ತೋರಿಸಿದ್ರಲ್ಲ ಅಕ್ಕ, ಈಗ ಎಲ್ಲಿದ್ದಾಳೆ?" ಅಂದರು. ದೊಡ್ಡಮ್ಮ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಅದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಮತ್ತೆ ಯಾರೂ ಕೇಳಲಿಲ್ಲ.

ಎರಡು ವಾರ ಕಳೆದ ಮೇಲೆ ಇವರು ಕೆಲಸಕ್ಕೆ ವಾಪಸ್ ಹೋದರು. ನಾನು, ಮಗಳು, ಅಮ್ಮ, ಅಪ್ಪ, ಮಳೆ. ದಿನಾ ಬೆಳಿಗ್ಗೆ ಹತ್ತಕ್ಕೆ ಒಡಿಶಾಕ್ಕೆ ಫೋನ್. ಫೈಲು ಎಲ್ಲಿ ಮುಟ್ಟಿತು ಅಂತ ಕೇಳುವುದು. 'ಪ್ರೊಸೆಸ್ಸಿನಲ್ಲಿ ಇದೆ ಮೇಡಂ' ಅನ್ನುವುದನ್ನು ಕೇಳಿ ಇಡುವುದು.

ಶ್ರಾವಣ ಬಂತು. ನಾಗರಪಂಚಮಿಯ ಬೆಳಿಗ್ಗೆ ಅಮ್ಮ ಬಾವಿಕಟ್ಟೆಯ ಹತ್ತಿರದ ಅರಶಿನ ಎಲೆ ಕೊಯ್ದು ತಂದರು. ನಮ್ಮಲ್ಲಿ ಆವತ್ತು ಅರಶಿನ ಎಲೆಯ ಗಟ್ಟಿ ಆಗಲೇಬೇಕು. ಅಕ್ಕಿಹಿಟ್ಟು ಎಲೆಗೆ ಸವರಿ, ಕಾಯಿತುರಿ ಬೆಲ್ಲದ ಹೂರಣ ಇಟ್ಟು, ಮಡಚಿ ಉಗಿಯಲ್ಲಿ ಬೇಯಿಸುವುದು. ಹೊರಗೆ ಚಾವಡಿಯಲ್ಲಿ ಆಡುತ್ತಿದ್ದವಳು ಅಟ್ಟಿನಳಗೆಯ ಮುಚ್ಚಳ ತೆಗೆದ ಹೊತ್ತಿಗೆ ಓಡಿ ಬಂದಳು. ಮೂಗು ಮೇಲೆ ಮಾಡಿ ನಿಂತಳು. "ಪಿಠಾ!" ಅಂದಳು. ಅಷ್ಟು ದಿನದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಅಮ್ಮನ ಸೆರಗು ಎಳೆದು ಮತ್ತೆ "ಪಿಠಾ, ಪಿಠಾ" ಅಂದಳು. ಬಿಸಿ ಎಲೆ ಬಿಡಿಸಲು ನಮಗೆ ಬೆರಳು ಸುಡುತ್ತದೆ. ಅವಳು ತುದಿ ಹಿಡಿದು ಒಂದೇ ಎಳೆತಕ್ಕೆ ಸಿಪ್ಪೆ ಸುಲಿದ ಹಾಗೆ ಎಲೆ ತೆಗೆದಳು. ಹಿಟ್ಟಿನ ಮೇಲೆ ಎಲೆಯ ಗೆರೆಗಳು ಸಾಲಾಗಿ ಮೂಡಿದ್ದವು. ಆ ಗೆರೆಯ ಮೇಲೆ ಬೆರಳು ಎಳೆದು ನೋಡಿ ಆಮೇಲೆ ತಿಂದಳು. ನಾಲ್ಕು ತಿಂದಳು.

ಹತ್ತು ದಿನದಲ್ಲಿ ಒಡಿಶಾದಿಂದ ಫೋನ್ ಬಂತು. ಮಗುವನ್ನು ಕರೆದುಕೊಂಡು ಜಿಲ್ಲಾಧಿಕಾರಿಯ ಮುಂದೆ ಬನ್ನಿ ಅಂತ. ಇವರು ರಜೆ ಹಾಕಿ ಅಲ್ಲಿಗೇ ನೇರ ಬಂದರು.

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಅಂತ ಅವಳಿಗೆ ಹೇಳಲೇ ಇಲ್ಲ. ಆ ಪಟ್ಟಣದ ಗಡಿಯಾರದ ಕಂಬ ಕಂಡದ್ದೇ ಅವಳ ಮಾತು ನಿಂತಿತು. ಸಂಸ್ಥೆಯ ಗೇಟಿನ ಎದುರು ಕಾರು ನಿಂತಾಗ ಅವಳು ಇಳಿಯಲಿಲ್ಲ. ಅಳಲೂ ಇಲ್ಲ. ಚೀಲದಿಂದ ಬಾಚಣಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೂತಳು. ವಾಪಸ್ ಬಿಡಲು ತಂದಿದ್ದೇವೆ ಅಂದುಕೊಂಡಿದ್ದಳು. ಅದು ನನಗೆ ಹೊಳೆಯಲು ಎರಡು ನಿಮಿಷ ಬೇಕಾಯಿತು. ಆ ಎರಡು ನಿಮಿಷ ನಾನು "ಬಾ ಪುಟ್ಟಿ, ಮಾವುಸಿ ಇದ್ದಾರೆ ನೋಡು" ಅಂತ ನಗುತ್ತಾ ಕರೆಯುತ್ತಿದ್ದೆ.

ಮಾವುಸಿಯೇ ಹೊರಗೆ ಬಂದರು. ಅವಳ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಒಳಗೆ ಕರೆಯಲೇ ಇಲ್ಲ. ಕಾರಿನಲ್ಲೇ ಪಕ್ಕ ಕೂತು, ಬಾಚಣಿಗೆ ತೆಗೆದುಕೊಂಡು ಅವಳ ಜಡೆ ಬಿಚ್ಚಿ ಮತ್ತೆ ಹಾಕುತ್ತಾ ಒಡಿಯಾದಲ್ಲಿ ಏನೋ ಹೇಳಿದರು. ಜಡೆ ಮುಗಿಯುವಾಗ ಅವಳು ನನ್ನ ಕಡೆ ತಿರುಗಿ, ಕನ್ನಡದಲ್ಲಿ, ನಮ್ಮ ಅಮ್ಮನದ್ದೇ ಧಾಟಿಯಲ್ಲಿ ಕೇಳಿದಳು: "ಅಜ್ಜಿ ಮನೆಗೆ ಹೋಗುವ?" ಹೋಗುವ, ನಾಳೆಯೇ ಹೋಗುವ ಅಂದೆ. ಅದಕ್ಕಿಂತ ಜಾಸ್ತಿ ಏನೂ ಹೇಳಲು ಬರಲಿಲ್ಲ.

ಎರಡನೇ ದಾರಿ ಹಿಡಿದದ್ದು ಸರಿ ಅಂತ ನನಗೆ ಅನ್ನಿಸಿದ್ದು ಆಗ. ಹತ್ತು ದಿನದಲ್ಲಿ ನೇರ ವಿಮಾನ ಹತ್ತಿಸಿದ್ದರೆ ಅವಳಿಗೆ ಹಿಂದಿರುಗಿ ಹೋಗಲು ಒಂದು ಮನೆಯೇ ಇರುತ್ತಿರಲಿಲ್ಲ, ಬರೀ ಊರೂರು ತಿರುಗಿದ ಹಾಗೆ ಆಗುತ್ತಿತ್ತು. ತಡ ಆಗುತ್ತದೆ ಅಂತ ಎಲ್ಲರೂ ಕಾನೂನಿಗೆ ಬೈಯುತ್ತಾರೆ, ನಾನೂ ಬೇಕಾದಷ್ಟು ಬೈದಿದ್ದೇನೆ. ಆದರೆ ಆ ತಡವೇ ಅವಳಿಗೆ ಒಂದು ಅಜ್ಜಿ ಮನೆ ಕೊಟ್ಟಿತು. ರಜೆ ಸಿಗುವವರು, ಊರಿನಲ್ಲಿ ಮನೆ ಇರುವವರು ಇದನ್ನು ಯೋಚಿಸಬೇಕು ಅಂತ ನನ್ನ ಲೆಕ್ಕ.

ಹೊರಡುವ ಮೊದಲು ಮಾವುಸಿಯ ಹತ್ತಿರ ಪಿಠಾ ವಿಷಯ ಕೇಳಿದೆ. ಕೈಯಲ್ಲಿ ಎಲೆ ಮಡಚಿ ತೋರಿಸಿದೆ. ಅವರು ನಕ್ಕು, ಸಂಸ್ಥೆಯ ಹುಡುಗನ ಬಾಯಿಯಲ್ಲಿ ಹಿಂದಿಗೆ ಮಾಡಿಸಿ ಹೇಳಿದರು. ಅದು ಎಂಡುರಿ ಪಿಠಾ, ಅರಶಿನ ಎಲೆಯಲ್ಲೇ ಮಾಡುವುದು. ಮಾರ್ಗಶಿರದಲ್ಲಿ ಪ್ರಥಮಾಷ್ಟಮಿ ಅಂತ ಹಬ್ಬ ಬರುತ್ತದೆ, ಮನೆಯ ಮೊದಲ ಮಗುವಿಗೆ ಹೊಸ ಬಟ್ಟೆ ಹಾಕಿ ಆರತಿ ಮಾಡುತ್ತಾರೆ, ಆವತ್ತು ಪಿಠಾ. "ಇಲ್ಲಿ ಯಾರು ಮೊದಲನೆಯವರು, ಯಾರು ಎರಡನೆಯವರು ಅಂತ ನೋಡುವುದಿಲ್ಲ, ಎಲ್ಲರಿಗೂ ಮಾಡುತ್ತೇನೆ" ಅಂದರು.

ಜಿಲ್ಲಾಧಿಕಾರಿಯ ಎದುರು ಹತ್ತು ನಿಮಿಷವೂ ಆಗಲಿಲ್ಲ. ನಮ್ಮಿಬ್ಬರ ಹತ್ತಿರ ನಾಲ್ಕು ಪ್ರಶ್ನೆ ಕೇಳಿದರು. ಆಮೇಲೆ ಅವಳ ಕಡೆ ಬಗ್ಗಿ ಒಡಿಯಾದಲ್ಲಿ, ಇವರು ಯಾರು ಅಂತ ಕೇಳಿದರು. ಅವಳು ಎದ್ದು ನಿಂತು, "ಗುಡ್ ಮಾರ್ನಿಂಗ್ ಸರ್" ಅಂದಳು. ಮಧ್ಯಾಹ್ನ ಮೂರು ಗಂಟೆ.

ಆದೇಶದ ಪ್ರತಿ ಕೈಗೆ ಬಂದಾಗ ನನ್ನ ಹೆಸರಿನಲ್ಲಿ ಒಂದು ಅಕ್ಷರ ಇಲ್ಲ! ಒಂದು ಕಚೇರಿಯಲ್ಲಿ ಟೈಪ್ ಮಾಡಿದವರು ನುಂಗಿದ್ದರು. ಹಾಗೇ ಬಿಟ್ಟರೆ ಮಗುವಿನ ಜನನ ಪ್ರಮಾಣಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ, ವೀಸಾದಲ್ಲಿ ಅದೇ ತಪ್ಪು ಸಾಗುತ್ತದೆ. ತಿದ್ದಿಸಲು ಒಂಬತ್ತು ದಿನ. ಆ ಒಂಬತ್ತು ದಿನ ನಾವು ಉಡುಪಿಯಲ್ಲಿ ಕೃಷ್ಣಾಷ್ಟಮಿ ನೋಡಿದೆವು. ರಥಬೀದಿಯ ಜನಜಂಗುಳಿಗೆ ಅವಳನ್ನು ಒಯ್ಯಲಿಲ್ಲ, ಹುಲಿವೇಷದವರು ಮನೆಗೇ ಬಂದರು. ತಾಸೆಯ ಪೆಟ್ಟು ಕೇಳಿ ಅವಳು ನನ್ನ ಅಪ್ಪನ ಲುಂಗಿಯೊಳಗೆ ಹೊಕ್ಕಳು. "ಡರ ಲಾಗುಛಿ" ಅಂದಳು. ಮರುದಿನ ಬೆಳಿಗ್ಗೆ ನೋಡಿದರೆ ಚಾವಡಿಯಲ್ಲಿ ಬೈರಾಸನ್ನು ಬಾಲ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ಕುಣಿಯುತ್ತಿದ್ದಳು. ಅಪ್ಪ ಅನ್ನದ ತಪಲೆ ಕವುಚಿ ಹಾಕಿ ಎರಡು ಕೋಲಿನಿಂದ ಬಾರಿಸ್ತಾ ಇದ್ದರು. ಎಪ್ಪತ್ತೆಂಟು ವರ್ಷದ ಮನುಷ್ಯ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿನ ಸಂಸ್ಥೆಯವರೇ ಅವಳಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಿದರು. ಕಾರಾದಿಂದ ಹೇಗ್ ಒಪ್ಪಂದದ 23ನೇ ವಿಧಿಯ ಪ್ರಮಾಣಪತ್ರ ಬಂತು. ಈ ದತ್ತು ನಿಯಮದ ಪ್ರಕಾರವೇ ಆಗಿದೆ ಅಂತ ಹೇಳುವ ಈ ಕಾಗದದ ಮೂಲಪ್ರತಿಯನ್ನು ಜೋಪಾನ ಮಾಡಿ, ಜೀವಮಾನಕ್ಕೆ ಬೇಕು. ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ, ರಾಯಭಾರ ಕಚೇರಿಯಲ್ಲಿ ಸಂದರ್ಶನ, ಐಎಚ್-3 ವೀಸಾ. ಆ ವೀಸಾದಲ್ಲಿ ಅಮೇರಿಕದ ನೆಲ ಮುಟ್ಟಿದ ಕೂಡಲೇ ಮಗು ಅಲ್ಲಿನ ಪ್ರಜೆ, 2000ದಲ್ಲಿ ಆದ ಕಾನೂನು ಅದು. ಉಡುಪಿ ಬಿಟ್ಟ ದಿನ ಲೆಕ್ಕ ಹಾಕಿದರೆ, ನಡುವೆ ಒಡಿಶಾಕ್ಕೆ ಹೋಗಿಬಂದದ್ದೂ ಸೇರಿ 71 ದಿನ. ಈ ಸಲ ನಾನು ತಪ್ಪು ಮಾಡಲಿಲ್ಲ. ಒಂದು ವಾರ ಮೊದಲೇ ಕ್ಯಾಲೆಂಡರ್ ತೋರಿಸಿ, ಎಲ್ಲಿಗೆ, ಯಾರಿರುತ್ತಾರೆ, ಅಜ್ಜಿ ಯಾವಾಗ ಬರುತ್ತಾರೆ ಅಂತ ದಿನಾ ಹೇಳಿದೆ. ಅಮ್ಮ ಸ್ಟೀಲ್ ಡಬ್ಬಿಯನ್ನು ಅವಳ ಚೀಲದಲ್ಲೇ ಹಾಕಿದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಮೂರು ಕಡೆ ತೆರೆಸಿದರು.

ಆ ವರ್ಷ ಪ್ರಥಮಾಷ್ಟಮಿಗೆ ನ್ಯೂಜೆರ್ಸಿಯಲ್ಲಿ ನಾನು ಪಿಠಾ ಮಾಡಲು ಹೊರಟೆ. ಅರಶಿನ ಎಲೆ ಎಲ್ಲಿ ಸಿಗಬೇಕು? ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಬಾಳೆಎಲೆ ಸಿಕ್ಕಿತು, ಅದರಲ್ಲೇ ಮಾಡಿದೆ. ಅವಳು ಮೂಸಿ ನೋಡಿ ತಟ್ಟೆ ದೂರ ಮಾಡಿದಳು. "ಇದು ಅದಲ್ಲ" ಅಂದಳು. ವಿಡಿಯೋದಲ್ಲಿ ನೋಡುತ್ತಿದ್ದ ಅಮ್ಮನೂ, "ಅದಲ್ಲ ಮಾರಾಯ್ತಿ, ಮಗುವಿಗೆ ಮೋಸ ಮಾಡ್ತೀಯಾ?" ಅಂದರು. ಮಾರ್ಚಿನಲ್ಲಿ ಅದೇ ಅಂಗಡಿಯಿಂದ ಹಸಿ ಅರಶಿನದ ಕೊಂಬು ತಂದು ಕುಂಡದಲ್ಲಿ ಹೂತು ಕಿಟಕಿ ಬಳಿ ಇಟ್ಟೆವು. ಮೇ ತನಕ ಏನೂ ಇಲ್ಲ. ಅವಳು ಎರಡು ಸಲ ಮಣ್ಣು ಅಗೆದು ನೋಡಿದಳು.

ಅಮೇರಿಕಕ್ಕೆ ಬಂದ ಮೇಲೂ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಸೋಶಿಯಲ್ ವರ್ಕರ್ ಮನೆಗೆ ಬಂದು ಕಾರಾಕ್ಕೆ ವರದಿ ಕಳಿಸಬೇಕು, ಫೋಟೋ ಸಮೇತ. ನಾಲ್ಕನೇ ವರದಿಗೆ ಬಂದಾಗ ಅದೇ ಹೆಂಗಸು, ಬೆತ್ತದ ಬಗ್ಗೆ ಎರಡು ಪುಟ ಬರೆದವರು. ತೂಕ, ಸ್ಕೂಲು, ನಿದ್ದೆ, ಎಲ್ಲ ಕೇಳಿ ಬರೆದುಕೊಂಡರು. ಫೋಟೋಗೆ ನಿಲ್ಲು ಅಂದರೆ ಮಗಳು ಕುಂಡ ಎತ್ತಿಕೊಂಡು ಬಂದಳು. ಇದು ಯಾಕೆ ಅಂತ ಅವರು ಕೇಳಿದರು. ಮಾವುಸಿಗೆ ಕಾಣಬೇಕು ಅಂದಳು. ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಲು ಹೊರಟೆ, ಉದ್ದ ಆಯಿತು, ಅರ್ಧಕ್ಕೆ ಬಿಟ್ಟೆ. ಅವರು ನಗುತ್ತಾ ಫೋಟೋದ ಕೆಳಗೆ 'ಅರಶಿನ ಗಿಡ, ಮೂರು ಎಲೆ' ಅಂತ ಬರೆದುಕೊಂಡರು. ಮಗಳು ಬಗ್ಗಿ ನೋಡಿ, ನಾಲ್ಕು, ಒಳಗೆ ಇನ್ನೊಂದು ಚಿಕ್ಕದು ಉಂಟು ಅಂತ ತಿದ್ದಿಸಿದಳು.